ಕ್ಲಿಯೋರಾ ಎಸೆದ ಇಟ್ಟಿಗೆ

ಕ್ಲಿಯೋರಾ ಗೇನ್ಸ್ ಸಾಯುತ್ತಿದ್ದಾಳೆ ಎಂಬ ಸುದ್ದಿ ನಮ್ಮ ಕಾರ್ವರ್ಸ್‌ಫೋರ್ಡ್ ಊರಿನಲ್ಲಿ ಹಬ್ಬಿದ್ದು ಒಂದು ಗುರುವಾರ. ಬುಧವಾರ ಸಂಜೆಯವರೆಗೂ ಅವಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ಗುರುವಾರವೂ ಹಾಗೇ ಇದ್ದಳು, ಆದರೆ ಅಷ್ಟು ಹೊತ್ತಿಗೆ ಅವಳ ಮಾತನ್ನು ಕೇಳುವವರು ಯಾರೂ ಉಳಿದಿರಲಿಲ್ಲ.

ನಾನು ಲುವೆನಿಯಾ, ಕ್ಲಿಯೋರಾಳ ಬಾಯಲ್ಲಿ ವೀನಿ. ಕ್ಲಿಯೋರಾಳ ಪಕ್ಕದ ಮನೆಯವಳು. ಮೌಂಟ್ ಗಿಲಿಯಡ್ ಚರ್ಚಿನ ಹಾಡಿನ ಮೇಳದಲ್ಲಿ ಅವಳ ಪಕ್ಕ ನಿಲ್ಲುವವಳು, ಅಂಗಿ ಹೊಲಿಯುವ ಫ್ಯಾಕ್ಟರಿ ಬಾಗಿಲು ಹಾಕುವ ತನಕ ಅವಳ ಪಕ್ಕದ ಮಿಷನ್ನಿನಲ್ಲಿ ಕೂತವಳು. ಅವಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಊರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಹಾಗಿದ್ದೂ ಆ ವಾರ ಊರವರೆಲ್ಲ ನನ್ನನ್ನು 'ಪಾಪ, ಇವಳಿಗಿನ್ನೂ ತಿಳಿದಿಲ್ಲ' ಎಂಬಂತೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಬಸ್ಸು. ನಮ್ಮ ಕಡೆಯ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹಳದಿ ಬಸ್ಸಿನ ಡ್ರೈವರು ವಯಸ್ಸಾಯಿತೆಂದು ಕೆಲಸ ಬಿಟ್ಟ. ಕ್ಲಿಯೋರಾ ಎಷ್ಟೋ ವರ್ಷದಿಂದ ಚರ್ಚಿನ ವ್ಯಾನು ಓಡಿಸಿದವಳು. ಕಡಿದಾದ ತಿರುವು, ಹಿಮ ಬಿದ್ದ ರಸ್ತೆ, ಹಿಂದಿನ ಸೀಟಿನಲ್ಲಿ ಕೂತು 'ನಿಧಾನ, ನಿಧಾನ' ಎಂದು ಕೂಗುವ ಮುದುಕಿಯರು, ಯಾವುದಕ್ಕೂ ಹೆದರಿದವಳಲ್ಲ. ಗಂಡ ರೂಫಸ್ ತೀರಿಕೊಂಡು, ಫ್ಯಾಕ್ಟರಿಯೂ ಮುಚ್ಚಿ, ಈಗ ಮನೆಯೊಳಗೆ ಕೂತು ಟಿವಿಯ ಜೊತೆ ಜಗಳವಾಡುವ ಮಟ್ಟಕ್ಕೆ ಬಂದಿದ್ದಳು.

"ನಂಗೆ ಆ ಬಸ್ಸು ಬೇಕು ಕಣೇ, ವೀನಿ," ಎಂದಳು ಒಂದು ದಿನ ಬೇಲಿಯ ಆಚೆಯಿಂದ. "ಬೆಳಗಾಗೆದ್ರೆ ನನ್ನ ದಾರಿ ಕಾಯೋರು ಯಾರಾದ್ರೂ ಇರ್ಬೇಕು. ಯಾರೂ ಕಾಯ್ದೇ ಇದ್ರೆ ಮನುಷ್ಯ ಹಲ್ಲುಜ್ಜೋದೂ ದಂಡ ಅನ್ಸತ್ತೆ."

ಅರ್ಜಿ ಹಾಕಿದಳು. ಡ್ರೈವಿಂಗ್ ಪರೀಕ್ಷೆ ಪಾಸು, ಕಣ್ಣು ಪಾಸು, ಮಂಡಿಯ ನೋವೊಂದು ಬಿಟ್ಟರೆ ಮೈಯೆಲ್ಲ ಪಾಸು. ಕೊನೆಗೆ ಶಾಲೆಯ ಆಫೀಸಿನವರು ಹಳೆಯ ದಾಖಲೆ ತೆಗೆಸಿ ನೋಡಿದರೆ, ಅಲ್ಲಿ ಕೂತಿತ್ತು: ಬೇಕೆಂದೇ ಪರರ ಆಸ್ತಿಗೆ ಹಾನಿ, ತಪ್ಪು ಸಾಬೀತು. ಮೂವತ್ತೈದು ವರ್ಷದ ಹಿಂದಿನದು. ಆಫೀಸಿನ ಹೆಂಗಸು ಒಳ್ಳೆಯವಳೇ. "ಮಿಸ್ ಕ್ಲಿಯೋರಾ, ಇದು ಅಳಿಸಿ ಹೋದ್ರೆ ಆಗಸ್ಟ್‌ನಲ್ಲಿ ಬಸ್ಸು ನಿಮ್ದೇ. ಅಳಿಸ್ದೇ ಇದ್ರೆ ಮಾತ್ರ ನನ್ ಕೈಲಿ ಏನೂ ಆಗಲ್ಲ," ಎಂದಳಂತೆ. ನಮ್ಮ ಕಡೆ ಹಿರಿಯ ಹೆಂಗಸರನ್ನು, ಮದುವೆಯಾಗಿದ್ದರೂ, ಮರ್ಯಾದೆಗೆ 'ಮಿಸ್' ಎಂದೇ ಕರೆಯುವುದು.

ಆ ಹಾನಿ ಏನೆಂದು ನಮ್ಮೂರಲ್ಲಿ ಹಸುಗೂಸಿಗೂ ಗೊತ್ತು. ಅರ್ನೆಟಾ ಪೆಟಿಸ್‌ಳ ಬ್ಯೂಟಿ ಪಾರ್ಲರಿನ ಮುಂದಿನ ಗಾಜನ್ನು ಕ್ಲಿಯೋರಾ ಇಟ್ಟಿಗೆ ಎಸೆದು ಒಡೆದಿದ್ದಳು. ಅವತ್ತು ಸೋಮವಾರ. ಸೋಮವಾರ ನಮ್ಮಲ್ಲಿ ಯಾವ ಪಾರ್ಲರೂ ತೆರೆದಿರುವುದಿಲ್ಲ. ಮುಚ್ಚಿದ ಪಾರ್ಲರಿನ ಮುಂದೆ ನಿಮ್ಮ ಗಂಡನ ಟ್ರಕ್ಕು ನಿಂತಿದ್ದರೆ, ಒಳಗೆ ಅವನು ಕೂದಲು ಸುರುಳಿ ಮಾಡಿಸಿಕೊಳ್ಳುತ್ತಿಲ್ಲ ಎನ್ನುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ. ಕ್ಲಿಯೋರಾ ರಸ್ತೆ ಬದಿಯ ಹೂವಿನ ಮಡಿಯಿಂದ ಒಂದು ಇಟ್ಟಿಗೆ ಕಿತ್ತಳು, ಎಸೆದಳು. ಪೊಲೀಸ್ ಬಂದ. ಜನ ಸೇರಿದರು. ಕ್ಲಿಯೋರಾ ಕೋರ್ಟಿಗೆ ಹೋಗಿ ದಂಡ ಕಟ್ಟಿ, ಗಂಡನನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿ ಮನೆಗೆ ಕರೆದುಕೊಂಡಳು. ಊರೆಲ್ಲ ಅವಳನ್ನು ಹೊಗಳಿತು. ರೂಫಸ್ ಸಾಯುವ ತನಕ ಕ್ಷಮೆ ಪಡೆದವನಾಗಿಯೇ ಬಾಳಿದ. 'ನಾನೇನೂ ಮಾಡಿಲ್ಲ' ಎಂದು ಅವನೂ ಹೇಳಿದ್ದ. ಎಲ್ಲ ಗಂಡಸರೂ ಹೇಳುವುದು ಅದನ್ನೇ ಅಲ್ಲವೇ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ನೆಟಾ ಮಾತ್ರ ನಮ್ಮ ಚರ್ಚು ಬಿಟ್ಟು ಗುಡ್ಡದಾಚೆಯ ಮೆಥಡಿಸ್ಟರ ಚರ್ಚಿಗೆ ಹೋಗತೊಡಗಿದಳು. ಮದುವೆಯಾಗಲಿಲ್ಲ. ಕ್ಲಿಯೋರಾ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು.

ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಪುಕ್ಕಟೆ ಸಲಹೆ ಕೊಡುವ ವಕೀಲೆ ಹುಡುಗಿ, ಮಿಸ್ ಪ್ರೂವಿಟ್, ಹಳೇ ಕೇಸನ್ನು ದಾಖಲೆಯಿಂದ ಅಳಿಸಬೇಕೆಂದು ಕೋರ್ಟಿಗೆ ಕ್ಲಿಯೋರಾಳ ಅರ್ಜಿ ಹಾಕಿಕೊಟ್ಟಳು. "ಸಣ್ಣ ಅಪರಾಧ, ಹಳೇದು, ಆಮೇಲೆ ಒಂದೂ ತಪ್ಪಿಲ್ಲ. ಸುಲಭ," ಎಂದಳು. "ಒಂದೇ ತೊಡಕು. ನಷ್ಟ ಆದೋರಿಗೆ ಕೋರ್ಟು ತಿಳಿಸತ್ತೆ. ಅವ್ರು ಬಂದು ಬೇಡ ಅಂದ್ರೆ ಜಡ್ಜ್ ಕೇಳ್ಬೇಕಾಗತ್ತೆ. ಒಂದ್ಸಲ ಅರ್ಜಿ ಬಿದ್ದೋದ್ರೆ ಮತ್ತೆ ಹಾಕೋಕೆ ವರ್ಷಗಟ್ಟಲೆ ಕಾಯ್ಬೇಕು."

ಅರ್ನೆಟಾ ಬೇಡ ಎನ್ನುವಳೇ ಎಂದು ಕೇಳಿದ್ದಕ್ಕೆ, ಮಿಸ್ ಪ್ರೂವಿಟ್ ಫೋನು ಮಾಡಿ ವಿಚಾರಿಸಿ, ಮುಖ ಸಣ್ಣದು ಮಾಡಿಕೊಂಡು ಬಂದಳು. "ಬೇಡ ಅನ್ನೋಕೆ ಹೊಸ ಟೋಪಿ ಕೊಂಡ್ಕೊಂಡು ಬರ್ತೀನಿ ಅಂದ್ರು."

ಕ್ಲಿಯೋರಾ ಇದನ್ನೆಲ್ಲ ಹೇಳಿದ್ದು ನನ್ನೊಬ್ಬಳಿಗೆ. ಇಟ್ಟಿಗೆಯ ಕಥೆ ಗುಟ್ಟಲ್ಲ. ಆದರೆ ಆ ಅರ್ನೆಟಾಳ ದಯೆಗೆ ಕೈ ಚಾಚಿ ನಿಂತಿದ್ದಾಳೆ ಎಂಬುದು ಮಾತ್ರ ಗುಟ್ಟು. ಬಸ್ಸು ಸಿಗದಿದ್ದರೆ ಊರಿಗೆ ಏನೆಂದು ಹೇಳುವುದು ಎಂಬುದೇ ಅವಳ ಚಿಂತೆ.

ಆ ಬುಧವಾರ ಸಂಜೆ ಚರ್ಚಿನಲ್ಲಿ ಪ್ರಾರ್ಥನೆಯ ಕೂಟ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾಸ್ಟರ್ ಬ್ಲೆಡ್ಸೋ ಎಲ್ಲರ ಬೇಡಿಕೆ ಕೇಳುತ್ತಾರೆ. ಒಬ್ಬರು ಎದ್ದು ಮಗನಿಗೆ ಕೆಲಸ ಸಿಗಲಿ ಎನ್ನುತ್ತಾರೆ, ಇನ್ನೊಬ್ಬರು ಸಕ್ಕರೆ ಕಾಯಿಲೆ ಇಳಿಯಲಿ ಎನ್ನುತ್ತಾರೆ. ಬಾಯಿಬಿಟ್ಟು ಹೇಳಲಾಗದ ಕಷ್ಟವಿದ್ದವರು ಸುಮ್ಮನೆ ಕೈ ಎತ್ತಿ, 'ಬಾಯಿಬಿಡದ ಬೇಡಿಕೆ' ಎಂದರೆ ಸಾಕು. ಅದಕ್ಕೂ ಪ್ರಾರ್ಥನೆ ಮಾಡುತ್ತಾರೆ. ಅದು ಏನೆಂದು ಮಾತ್ರ ಯಾರೂ, ಯಾವತ್ತೂ ಕೇಳಕೂಡದು. ಕೇಳುವುದು ಪಾಪ. ಊಹಿಸುವುದು ಪಾಪ ಎಂದು ಎಲ್ಲಿಯೂ ಬರೆದಿಲ್ಲ.

ಕ್ಲಿಯೋರಾ ಕೈ ಎತ್ತಿದಳು. ಹುಟ್ಟಿದಾರಭ್ಯ ಆ ಚರ್ಚಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟೇ ಹೇಳಿದವಳು ಕೈ ಎತ್ತಿದ್ದಳು. ಇಡೀ ಚರ್ಚು ತಿರುಗಿ ನೋಡಿತು. ಚರ್ಚಿನ ಹಿರಿಯ ಡೀಕನ್ ಟರ್ಲಿಯ ಹೆಂಡತಿ ಒಪಲೀನ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಯಾಕೆಂದರೆ ಒಪಲೀನ್ ಹಿಂದಿನ ವಾರವೇ ಕ್ಲಿಯೋರಾ ದೊಡ್ಡಾಸ್ಪತ್ರೆಯಿಂದ ಕಾಗದ ಹಿಡಿದು ಹೊರಬರುವುದನ್ನು ನೋಡಿದ್ದಳು. ಅದು ಬಸ್ಸಿನ ಡ್ರೈವರಿಗೆ ಮಾಡಿಸಬೇಕಾದ ಮೈ ತಪಾಸಣೆ. ಅದಾದ ಮೇಲೆ ಕ್ಲಿಯೋರಾ ಅಂಗಡಿಯಲ್ಲಿ ಒಂದು ಕಪ್ಪು ಉಡುಪು ಕೊಳ್ಳುವುದನ್ನೂ ನೋಡಿದ್ದಳು. ಅದು ಕೋರ್ಟಿಗೆ. ಆಸ್ಪತ್ರೆ, ಕಪ್ಪು ಉಡುಪು, ಬಾಯಿಬಿಡದ ಬೇಡಿಕೆ. ಇನ್ನೇನು ಬೇಕು? ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಒಪಲೀನ್‌ಳನ್ನು ಮೀರಿಸಿದವರಿಲ್ಲ, ಇಲ್ಲಿ ಅವಳಿಗೆ ಮೂರು ಕಡ್ಡಿ ಸಿಕ್ಕಿದ್ದವು.

ಗುರುವಾರ ಬೆಳಿಗ್ಗೆ ಊಟ ಬರತೊಡಗಿತು. ನಮ್ಮೂರಲ್ಲಿ ಸಾಯುವವರ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಕೋಳಿ ಮತ್ತು ಅನ್ನ ಹಾಕಿ ಬೇಯಿಸಿದ ಟ್ರೇ, ಚೀಸ್ ಸುರಿದ ಮ್ಯಾಕರೋನಿ, ಹಂದಿ ಮೂಳೆ ಹಾಕಿ ಕುದಿಸಿದ ಸೊಪ್ಪು, ಗೆಣಸಿನ ಪೈ, ಬಾಳೆಹಣ್ಣಿನ ಪುಡ್ಡಿಂಗ್. ಕ್ಲಿಯೋರಾಳ ಫ್ರಿಜ್ ತುಂಬಿತು, ನನ್ನ ಫ್ರಿಜ್ ತುಂಬಿತು, ಆಮೇಲೆ ಬಂದದ್ದನ್ನು ನಾವು ನಿಂತಲ್ಲೇ ತಿನ್ನತೊಡಗಿದೆವು.

"ಒಪಲೀನ್, ನಂಗೇನೂ ಆಗಿಲ್ಲ ಕಣೇ," ಎಂದಳು ಕ್ಲಿಯೋರಾ ಬಾಗಿಲಲ್ಲೇ.

"ನಾವು ಕೇಳೋದಿಲ್ಲಮ್ಮ. ನೀನು ಹೇಳೋದೂ ಬೇಡ. ತಿನ್ನು."

"ನಿಜವಾಗ್ಲೂ ಚೆನ್ನಾಗಿದೀನಿ."

"ಹೌದು, ಹೌದು. ಹೀಗೇ ಧೈರ್ಯವಾಗಿರ್ಬೇಕು," ಎಂದು ಒಪಲೀನ್ ಅವಳ ಕೆನ್ನೆ ಸವರಿ, ಕರವಸ್ತ್ರ ಸಿಗದೆ ಕೈಚೀಲದಿಂದಲೇ ಕಣ್ಣೊರೆಸಿಕೊಂಡು ಹೋದಳು.

ಆಮೇಲೆ ಡೀಕನ್ ಟರ್ಲಿ ಬಂದರು. ಟೋಪಿ ಕೈಯಲ್ಲಿ ಹಿಡಿದು, ಗಂಟಲು ಸರಿ ಮಾಡಿಕೊಂಡು ಕೇಳಿದರು: "ಸಿಸ್ಟರ್ ಗೇನ್ಸ್, ನಿಮ್ಗೆ ಯಾವ ಹಾಡು ಅಂದ್ರೆ ತುಂಬಾ ಇಷ್ಟ? ಸುಮ್ನೆ ಕೇಳ್ದೆ."

"ಚಪ್ಪಾಳೆ ಹೊಡೆಯೋ ಅಂಥದ್ದು ಯಾವುದಾದ್ರೂ ಸರಿ. ಯಾಕೆ ಡೀಕನ್?"

"ಏನಿಲ್ಲ, ಏನಿಲ್ಲ. ಮೇಳದೋರು ಮುಂಚೇನೇ ಕಲ್ತಿರ್ಲಿ ಅಂತ."

"ಮೇಳದಲ್ಲಿ ನಾನೇ ಇದೀನಲ್ಲ ಡೀಕನ್."

ಡೀಕನ್ನರಿಗೆ ಅಳು ತಡೆಯಲಾಗಲಿಲ್ಲ. ತಟ್ಟೆಯ ತುಂಬ ಬೇರೆಯವರು ತಂದ ಕೇಕು ತಿಂದು ಹೋದರು.

ನಾನೂ ಕ್ಲಿಯೋರಾಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತದ್ದು ಶುಕ್ರವಾರ ಮಧ್ಯಾಹ್ನ, ಮಿಸ್ ಪ್ರೂವಿಟ್ ಫೋನು ಮಾಡಿದಾಗ. ಅವಳ ದನಿ ಕುಣಿಯುತ್ತಿತ್ತು. "ಮಿಸ್ ಅರ್ನೆಟಾ ಫೋನ್ ಮಾಡಿದ್ರು. ಅವ್ರು ಬೇಡ ಅನ್ನಲ್ವಂತೆ. ಸೋಮವಾರ ಕೋರ್ಟಿಗೆ ಬಂದು, ನಂದೇನೂ ಅಡ್ಡಿ ಇಲ್ಲ ಅಂತ ಹೇಳ್ತಾರಂತೆ. ನೀವೇನು ಮಾಡಿದ್ರಿ?"

ಕ್ಲಿಯೋರಾ ಫೋನಿಟ್ಟು ಹೊರಗೆ ನೋಡಿದಳು. ವರಾಂಡದಲ್ಲಿ ಒಂದು ಟ್ರೇ ಇತ್ತು. ಯಾರೋ ಇಟ್ಟು, ಬಾಗಿಲು ತಟ್ಟದೆ ಹೋಗಿದ್ದರು. ಪೀಚ್ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸಿದ ಸಿಹಿ ಕಾಬ್ಲರ್, ಇನ್ನೂ ಬಿಸಿ ಇತ್ತು. ನಮ್ಮಲ್ಲಿ ಟ್ರೇ ವಾಪಸು ಬರಲೆಂದು ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ನಾನು ಎತ್ತಿ ನೋಡಿದೆ. ಎ. ಪೆಟಿಸ್.

"ಸಾಯೋರ ಮೇಲೆ ಎಂಥ ಹಗೆ ಅಂದ್ಕೊಂಡಿದಾಳೆ," ಎಂದಳು ಕ್ಲಿಯೋರಾ.

"ಅಂದ್ಕೊಳ್ಳಲಿ ಬಿಡು," ಎಂದೆ ನಾನು. ನನ್ನ ಬುದ್ಧಿ ಇರುವುದೇ ಹಾಗೆ, ಮುಚ್ಚಿಡುವುದೇನು. "ನೀನೇನು ಸಾಯ್ತೀನಿ ಅಂತ ಹೇಳಿದ್ಯಾ? ಚೆನ್ನಾಗಿದೀನಿ ಅಂತ ಊರಿಗೆಲ್ಲ ಬಡ್ಕೊಂಡಿದೀಯ. ಸೋಮವಾರದ ತನಕ ಬಾಯ್ ಮುಚ್ಕೊಂಡು ಇರು. ಜಡ್ಜ್ ಸಹಿ ಹಾಕ್ಲಿ. ಮಂಗಳವಾರ ಪವಾಡ ಆಗಿ ವಾಸಿ ಆಯ್ತು ಅನ್ನೋಣ. ಪಾಸ್ಟರ್‌ಗೂ ಖುಷಿಯಾಗತ್ತೆ."

ಅವಳು ಒಂದು ಚಮಚ ಕಾಬ್ಲರ್ ಬಾಯಿಗೆ ಹಾಕಿಕೊಂಡಳು. ಅಗಿದಳು, ಅಗಿದಳು, ನುಂಗಲಿಲ್ಲ.

"ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ ಕಣೇ ವೀನಿ. ಅದೇ ಕಷ್ಟ," ಎಂದು ಚಮಚ ಕೆಳಗಿಟ್ಟಳು. ಅವಳಿಗೆ ಕಾಬ್ಲರ್ ನುಂಗಲಾಗದ್ದು ನಾನು ನೋಡಿದ್ದು ಅದೇ ಮೊದಲು. ಇದಕ್ಕೆ ಬರೀ ಬಸ್ಸು ಕಾರಣವಲ್ಲ, ಇನ್ನೇನೋ ಇದೆ ಎಂದು ನನಗೆ ಆಗಲೇ ಅನ್ನಿಸಿತು. ಕೇಳಿದರೆ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಕೋರ್ಟಿಗೆ ಹೋದರೆ ಬೆಂಚುಗಳೆಲ್ಲ ಭರ್ತಿ. ಸಾಯುತ್ತಿರುವ ಕ್ಲಿಯೋರಾಳನ್ನು ಕ್ಷಮಿಸಲು ಕೋರ್ಟಿಗೆ ಹೋಗುತ್ತಿದ್ದೇನೆ ಎಂದು ಅರ್ನೆಟಾ ಶನಿವಾರ ಕೂದಲು ಸಿಂಗರಿಸಿಕೊಳ್ಳಲು ಬಂದ ಒಬ್ಬಳಿಗೆ ಹೇಳಿದ್ದಳು. ಪಾರ್ಲರಿನಲ್ಲಿ ಶನಿವಾರ ಒಬ್ಬಳಿಗೆ ಹೇಳಿದರೆ ಟಾಂ ಟಾಂ ಹೊಡೆಸಬೇಕಾಗಿಲ್ಲ. ಹಾಡಿನ ಮೇಳ ಪೂರ್ತಿ ಬಂದಿತ್ತು. ಒಪಲೀನ್ ಕೈಯಲ್ಲಿ ಚರ್ಚಿನ ಬೀಸಣಿಗೆ. ಪಾಸ್ಟರ್ ಬ್ಲೆಡ್ಸೋ ಕೂಡ ಮುಂದಿನ ಸಾಲಿನಲ್ಲಿ.

ಜಡ್ಜ್ ಹೋಲ್ಕಂ ಕನ್ನಡಕದ ಮೇಲಿಂದ ನೋಡುವ ಹೆಂಗಸು. "ಇಷ್ಟೊಂದು ಜನ ಯಾರ ಕೇಸಿಗೆ?" ಎಂದರು.

"ನಮ್ದೇ ಇರ್ಬೇಕು, ತಾಯಿ," ಎಂದಳು ಮಿಸ್ ಪ್ರೂವಿಟ್, ಅವಳಿಗೇ ಗಾಬರಿ.

ಜಡ್ಜಮ್ಮ ಅರ್ಜಿ ಓದಿದರು. ಅರ್ನೆಟಾಳ ಕಡೆ ತಿರುಗಿದರು. ಅರ್ನೆಟಾ ಎದ್ದು ನಿಂತಳು. ಹೊಸ ಟೋಪಿ ನಿಜವಾಗಿಯೂ ಕೊಂಡಿದ್ದಳು, ನೇರಳೆ ಬಣ್ಣದ್ದು. ಎಷ್ಟು ನೆಟ್ಟಗೆ ನಿಂತಿದ್ದಳೆಂದರೆ ನನಗೇ ಬೆನ್ನು ಸರಿಮಾಡಿಕೊಂಡು ಕೂರಬೇಕೆನಿಸಿತು.

"ನಂದೇನೂ ಅಡ್ಡಿ ಇಲ್ಲ," ಎಂದಳು. "ಅವಳಿಗೆ ಉಳಿದಿರೋ ದಿನ ಕಮ್ಮಿ. ಹೋಗೋವಾಗ ಹಗುರಾಗಿ ಹೋಗ್ಲಿ."

ಬೆಂಚುಗಳಿಂದ 'ಆಮೆನ್' ಎಂದು ಕೇಳಿಸಿತು. ಜಡ್ಜಮ್ಮ ಪೆನ್ನು ಎತ್ತಿಕೊಂಡರು. ಬಸ್ಸು ಆ ಪೆನ್ನಿನ ತುದಿಯಲ್ಲಿತ್ತು.

ಆಗ ಕ್ಲಿಯೋರಾ ಎದ್ದಳು. ನಾನು ಅವಳ ಉಡುಪು ಹಿಡಿದು ಎಳೆದೆ. ಬಿಡಿಸಿಕೊಂಡಳು.

"ಜಡ್ಜಮ್ಮ, ನಂಗೆ ಏನೂ ಕಾಯಿಲೆ ಇಲ್ಲ. ಮಂಡಿ ನೋವು ಅಷ್ಟೇ. ಆಸ್ಪತ್ರೆಗೆ ಹೋಗಿದ್ದು ಬಸ್ಸಿನ ಕೆಲಸಕ್ಕೆ. ಇವ್ರೆಲ್ಲ ತಾವೇ ಅಂದ್ಕೊಂಡ್ರು. ನಾನು ಇಲ್ಲ ಇಲ್ಲ ಅಂದೆ, ಯಾರೂ ಕೇಳ್ಲಿಲ್ಲ. ಆದ್ರೆ ಇವತ್ತು ಸುಮ್ನಿದ್ರೆ ಅದು ನಾನು ಹೇಳ್ದಂಗೇ ಆಗತ್ತೆ."

ಒಪಲೀನ್ ಗಟ್ಟಿಯಾಗಿಯೇ ಅಂದಳು: "ಅಯ್ಯೋ, ನನ್ನ ದೊಡ್ಡ ಟ್ರೇಲಿ ಮಾಡ್ಕೊಟ್ಟಿದ್ನಲ್ಲೇ." ಜಡ್ಜಮ್ಮ ಮೇಜು ಕುಟ್ಟಬೇಕಾಯಿತು.

ಅರ್ನೆಟಾ ಇನ್ನೂ ನಿಂತೇ ಇದ್ದಳು. ಅವಳ ಕುತ್ತಿಗೆಯ ನರ ಉಬ್ಬಿತ್ತು. "ಸಾಯ್ತಾ ಇಲ್ವಾ ನೀನು?"

"ಇಲ್ಲ."

"ಹಾಗಾದ್ರೆ ನಂಗೆ ಅಡ್ಡಿ ಇದೆ," ಎಂದಳು ಅರ್ನೆಟಾ ಜಡ್ಜಮ್ಮನ ಕಡೆ ತಿರುಗಿ. "ಬೇಕಾದಷ್ಟಿದೆ."

ಮಿಸ್ ಪ್ರೂವಿಟ್ ಕಣ್ಣು ಮುಚ್ಚಿಕೊಂಡಳು. ಹೋಯಿತು, ಬಸ್ಸು ಹೋಯಿತು ಎಂದುಕೊಂಡೆ. ಸತ್ಯ ಹೇಳಲು ಇವಳಿಗೆ ಇನ್ನೊಂದು ಹತ್ತು ನಿಮಿಷ ಕಾಯಲು ಏನಾಗಿತ್ತು ಎಂದು ನನಗೆ ಕೆಟ್ಟ ಸಿಟ್ಟು ಬಂತು.

"ಏನು ಅಡ್ಡಿ, ಹೇಳಿ," ಎಂದರು ಜಡ್ಜಮ್ಮ.

"ಗಾಜು ಮಾರನೇ ದಿನವೇ ಹಾಕಿಸ್ದೆ. ಗಾಜಿನ ವಿಷ್ಯ ನಂಗೇನೂ ಇಲ್ಲ," ಎಂದಳು ಅರ್ನೆಟಾ. "ಮುತ್ತು ಒಡೆದ್ರೆ ಹೋಯ್ತು, ಮಾತು ಆಡಿದ್ರೆ ಹೋಯ್ತು ಅಂತಾರೆ. ಇವಳು ಒಂದು ಮಾತೂ ಆಡ್ಲಿಲ್ಲ. ಇಟ್ಟಿಗೆ ಎಸೆದ್ಲು, ಮಾತು ಊರೇ ಆಡ್ಕೊಳ್ತು. ನಾನು ಇವಳ ಗಂಡನ್ನ ಇಟ್ಕೊಂಡಿದ್ದೆ ಅಂತ. ನಾನು ಹಾಡ್ತಾ ಇದ್ದ ಚರ್ಚು ಬಿಟ್ಟೆ. ನನ್ನ ಕೇಳೋಕೆ ಬಂದಿದ್ದ ಹುಡುಗ ಮತ್ತೆ ಬರ್ಲಿಲ್ಲ. ಇವಳ ಹೆಸರ ಮುಂದೆ ಇರೋದು ಕಾಗದದಲ್ಲಿದೆ, ಕೋರ್ಟಿಗೆ ಬಂದ್ರೆ ಅಳಿಸ್ತೀರಿ. ನನ್ ಹೆಸರ ಮುಂದೆ ಇರೋದು ಯಾವ ಕಾಗದದಲ್ಲೂ ಇಲ್ವಲ್ಲ ತಾಯಿ. ಅದನ್ನ ಅಳಿಸೋಕೆ ನಾನು ಯಾವ ಆಫೀಸಿಗೆ ಹೋಗ್ಲಿ?"

ಯಾರೂ ಬೀಸಣಿಗೆ ಬೀಸಲಿಲ್ಲ. ಜಡ್ಜಮ್ಮ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಮಿಸೆಸ್ ಗೇನ್ಸ್, ನೀವು ಏನಾದ್ರೂ ಹೇಳೋದಿದೆಯಾ?"

ಕ್ಲಿಯೋರಾ ಮೇಜಿನ ಅಂಚು ಹಿಡಿದುಕೊಂಡಳು. "ಇದೆ. ಗಾಜು ಬಿದ್ಮೇಲೆ ನಾನು ಒಳಗೆ ನೋಡ್ದೆ. ರೂಫಸ್ ಕೂದಲು ಒಣಗಿಸೋ ಮಿಷನ್ ಕೆಳಗೆ ಅಂಗಾತ ಮಲ್ಗಿದ್ದ, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಕೊಂಡಿದ್ದ. ರಿಪೇರಿ ಮಾಡ್ತಿದ್ದ. ಅಂಗಡಿ ಮುಚ್ಚಿರೋ ದಿನ ಬಿಟ್ಟು ಇನ್ಯಾವಾಗ ಮಾಡ್ತಾನೆ? ಇವಳು ಒಂದ್ ಕೈಲಿ ಅವ್ನಿಗೆ ಟಾರ್ಚ್ ಹಿಡ್ದಿದ್ಲು. ತಲೆ ತುಂಬಾ ಸುರುಳಿ, ಕಾಲಲ್ಲಿ ಮನೆ ಚಪ್ಪಲಿ. ಇನ್ನೊಂದ್ ಕೈಲಿ ಸ್ಯಾಂಡ್‌ವಿಚ್ ತಿಂತಿದ್ಲು. ಈರುಳ್ಳಿ ಹಾಕಿದ್ದು. ಬಾಗಿಲ ತನಕ ವಾಸನೆ ಬಂತು." ಜಡ್ಜಮ್ಮನ ಕಡೆ ತಿರುಗಿದಳು. "ಯಾವ ಹೆಂಗ್ಸೂ ಸರಸ ಆಡೋಕೆ ಮುಂಚೆ ಈರುಳ್ಳಿ ತಿನ್ನಲ್ಲ ಜಡ್ಜಮ್ಮ. ನಂಗೆ ಅವತ್ತೇ, ಅಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟರಲ್ಲಿ ಜನ ಸೇರಿದ್ರು. ಎಲ್ಲಾರೂ, ಒಳ್ಳೇ ಕೆಲ್ಸ ಮಾಡ್ದೆ ಕ್ಲಿಯೋರಾ ಅಂದ್ರು. ತಪ್ಪಾಯ್ತು ಅಂದ್ರೆ ನಾನು ಹುಚ್ಚಿ ಆಗ್ತಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಆದ್ಮೇಲೆ ಭಾನುವಾರ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋಕೆ ನಾಚ್ಕೆ ಆಯ್ತು. ಸಿಟ್ನಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರತ್ತಾ? ಕೊಯ್ದಿದ್ದು ಇವಳ ಮೂಗು, ಅದಕ್ಕೆ ನಂಗೆ ನೋವಾಗ್ಲಿಲ್ಲ."

ಫ್ಯಾಕ್ಟರಿ ಮುಚ್ಚುವ ತನಕ ಪಕ್ಕದ ಮಿಷನ್ನಿನಲ್ಲಿ ಕೂತಿದ್ದೆ, ನನಗೂ ಹೇಳಿರಲಿಲ್ಲ. ಪಾಪದ ರೂಫಸ್ ನೆನಪಾದ. ಅಷ್ಟು ವರ್ಷ ಅವನು ತಾನು ಮಾಡದ ತಪ್ಪಿಗೆ ಮನೆಯ ಪಾತ್ರೆ ತೊಳೆದಿದ್ದ.

ಅರ್ನೆಟಾ ಕ್ಲಿಯೋರಾಳ ಕಡೆ ತಿರುಗಿದಳು. "ಇನ್ನೊಂದ್ಸಲ ಹೇಳು," ಎಂದಳು.

ಕ್ಲಿಯೋರಾ ಇನ್ನೊಂದು ಸಲ ಹೇಳಿದಳು. ಈರುಳ್ಳಿಯನ್ನೂ ಸೇರಿಸಿ, ಒಂದೂ ಬಿಡದೆ.

ಜಡ್ಜಮ್ಮ ನಿಧಾನವಾಗಿ ಮಾತಾಡಿದರು. "ಒಂದು ವಿಷಯ ಇಬ್ಬರಿಗೂ ಗೊತ್ತಿರಲಿ. ನಾನು ಸಹಿ ಹಾಕಿದರೆ ಹಳೇ ಕೇಸು, ಇವತ್ತು ಇಲ್ಲಿ ಬರೆದುಕೊಂಡ ಮಾತು, ಎಲ್ಲಾ ಮುಚ್ಚಿಹೋಗುತ್ತೆ. ಯಾರು ಬಂದು ಕೇಳಿದರೂ ಕೋರ್ಟು ಇಲ್ಲ ಅನ್ನುತ್ತೆ. ಕಾನೂನಿನ ಪ್ರಕಾರ ಇದು ನಡೆದೇ ಇಲ್ಲ."

ಅರ್ನೆಟಾ ನಕ್ಕಳು. ಕೇಳಲು ಹಿತವಾದ ನಗುವಲ್ಲ ಅದು. "ಅಂದ್ರೆ ಇವಳು ಈಗ ಹೇಳಿದ್ದೂ ನಡೆದಿಲ್ಲ ಅಂತಾಯ್ತು. ಅಳಿಸೋವಾಗ್ಲೂ ಅಳಿಸಿ ಹೋಗೋದು ನಂದೇ."

ಕ್ಲಿಯೋರಾ ಜಡ್ಜಮ್ಮನಿಗೆ ಬೆನ್ನು ತಿರುಗಿಸಿದಳು. ಕೋರ್ಟಿನಲ್ಲಿ ಹಾಗೆ ಮಾಡಬಾರದು. ಬೆಂಚುಗಳ ಕಡೆ, ನಮ್ಮೆಲ್ಲರ ಕಡೆ ನೋಡಿದಳು.

"ಕೇಳಿಸ್ಕೊಂಡ್ರಾ ಎಲ್ಲಾರೂ? ಒಪಲೀನ್, ಕೇಳಿಸ್ತಾ? ಕೋರ್ಟು ಮುಚ್ಕೊಳ್ಳಲಿ. ನಿಮ್ ಬಾಯಿಗೆ ಯಾವ ಬೀಗ ಇದೆ? ಏನೂ ಆಗ್ದೇ ಇರೋಳನ್ನ ಒಂದೇ ರಾತ್ರೀಲಿ ಸಾಯಿಸಿದ್ರಲ್ಲ ನೀವು. ಇದು ನಿಜ. ಇದನ್ನ ಹೇಳ್ಕೊಂಡ್ ಬನ್ನಿ. ಮೆಥಡಿಸ್ಟರಿಗೂ ಹೇಳಿ. ಕೋಳಿ ಅಂಗಡೀಲಿ ಹೇಳಿ. ಈರುಳ್ಳಿ ಮರೀಬೇಡಿ."

ಒಪಲೀನ್ ಎದೆ ಸೆಟೆಸಿ ಕೂತಳು. ಆಕೆಗೆ ಇಡೀ ಜೀವಮಾನದಲ್ಲಿ ಯಾರೂ ಇಂಥ ಕೆಲಸವನ್ನು ಬಾಯಿಬಿಟ್ಟು ಒಪ್ಪಿಸಿರಲಿಲ್ಲ. "ಅದನ್ನ ನಂಗೆ ಬಿಡು," ಎಂದಳು.

ಜಡ್ಜಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೆಮ್ಮಿದರು. ನಗು ಬಂದವರು ಹಾಗೆ ಕೆಮ್ಮುತ್ತಾರೆ. "ಕೋರ್ಟು ದಾಖಲೆ ಮುಚ್ಚಬಹುದು. ಜನ ಮಾತಾಡೋದನ್ನ ಮುಚ್ಚೋ ಅಧಿಕಾರ ನನಗಿಲ್ಲ. ಮಿಸ್ ಪೆಟಿಸ್, ನಿಮ್ಮ ಅಡ್ಡಿ ಇನ್ನೂ ಇದೆಯಾ?"

ಅರ್ನೆಟಾ ಟೋಪಿ ಸರಿಮಾಡಿಕೊಂಡಳು. "ಇವಳಿಗೆ ಬಸ್ಸು ಕೊಡಿ ತಾಯಿ," ಎಂದು ಕೂತಳು.

ಸಹಿ ಬಿತ್ತು. ಮೇಳದವರು ಅಲ್ಲೇ ಹಾಡಲು ಶುರುಮಾಡಿದ್ದನ್ನು ಪೊಲೀಸಿನವನು ನಿಲ್ಲಿಸಬೇಕಾಯಿತು. ಆಗಸ್ಟ್‌ನಲ್ಲಿ ಬಸ್ಸು ಕ್ಲಿಯೋರಾಳದ್ದೇ ಆಯಿತು. ಈಗಲೂ ಬೆಳಿಗ್ಗೆ ಆರೂವರೆಗೆ ನನ್ನ ಮನೆಯ ಮುಂದೆ ಬೇಕೆಂದೇ ಹಾರನ್ ಹೊಡೆದು ನನ್ನ ನಿದ್ದೆ ಕೆಡಿಸಿ ಹೋಗುತ್ತಾಳೆ. ಆದರೆ ಅವತ್ತಿನ ಕಥೆ ಸಹಿಗೆ ಮುಗಿಯಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಎಲ್ಲರೂ ಕ್ಲಿಯೋರಾಳ ಬೆನ್ನು ತಟ್ಟುತ್ತಿದ್ದರು. ಅರ್ನೆಟಾಳ ಕೈಯನ್ನೂ ಹಿಡಿದು ಕುಲುಕಿದರು, ಕೆಲವರು ತಲೆ ತಗ್ಗಿಸಿಕೊಂಡು. ಆಮೇಲೆ ನೋಡಿದರೆ ಅರ್ನೆಟಾ ಮೂಲೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಕ್ಲಿಯೋರಾ ಹೋಗಿ ಪಕ್ಕದಲ್ಲಿ ಕೂತಳು. ನಾನೂ ಹೋದೆ. ನನ್ನನ್ನು ಯಾರೂ ಕರೆಯಲಿಲ್ಲ, ಆದರೂ ಹೋದೆ.

"ಊರೆಲ್ಲ ಕೇಳ್ತು," ಎಂದಳು ಅರ್ನೆಟಾ, ಎದುರಿನ ಗೋಡೆ ನೋಡುತ್ತ. "ಕೇಳ್ಬೇಕಾದೋಳು ಕೇಳ್ಲಿಲ್ಲ. ನಮ್ಮಮ್ಮ ಅದನ್ನ ನಂಬ್ಕೊಂಡೇ ಸತ್ಲು. ನನ್ನ ಬಯ್ಲಿಲ್ಲ. ದೇವರು ನಿನ್ನ ಕ್ಷಮಿಸ್ತಾನೆ ಮಗಳೇ ಅಂತ ದಿನಾ ಅಂತಿದ್ಲು. ನಾನು ಏನೂ ಮಾಡಿಲ್ಲಮ್ಮ ಅಂದ್ರೆ, ತಲೆ ಸವರಿ ಸುಮ್ನಾಗ್ತಿದ್ಲು."

ಕ್ಲಿಯೋರಾ ಎದ್ದು, ಚೀಲದಿಂದ ಚರ್ಚಿನ ವ್ಯಾನಿನ ಬೀಗದ ಕೈ ತೆಗೆದಳು.

"ಏಳು, ವ್ಯಾನು ಹತ್ತು," ಎಂದಳು. "ವೀನಿ, ನೀನೂ ಬಾ."

ಅರ್ನೆಟಾಳ ತಾಯಿ ಮಿಸ್ ಆರ್ಡೀಲಿಯಾ ಪೆಟಿಸ್‌ಳನ್ನು ಮಣ್ಣು ಮಾಡಿರುವುದು ನಮ್ಮ ಮೌಂಟ್ ಗಿಲಿಯಡ್ ಚರ್ಚಿನ ಹಿಂದೆ, ಇಳಿಜಾರಿನಲ್ಲಿ. ಮಗಳು ಚರ್ಚು ಬಿಟ್ಟ ಮೇಲೂ ಆಕೆ ಬಿಟ್ಟಿರಲಿಲ್ಲ, ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಕೂರುತ್ತಿದ್ದಳು. ಹುಲ್ಲು ಎತ್ತರ ಬೆಳೆದಿತ್ತು. ಕ್ಲಿಯೋರಾ ಕೋರ್ಟಿನ ಕಪ್ಪು ಉಡುಪಿನಲ್ಲೇ, ಆ ಮಂಡಿ ಹಿಡಿದುಕೊಂಡೇ ಇಳಿದಳು. ಅರ್ನೆಟಾ ಹಿಂದೆ ಬಂದಳು. ನಾನು ಕೊನೆಗೆ, ಯಾರದೋ ಗೋರಿಕಲ್ಲು ಹಿಡಿದು ಹಿಡಿದು.

ಕಲ್ಲಿನ ಮುಂದೆ ನಿಂತು ಕ್ಲಿಯೋರಾ ಗಂಟಲು ಸರಿಮಾಡಿಕೊಂಡಳು. ಇಡೀ ಕೋರ್ಟಿನ ಮುಂದೆ ಬಂದ ದನಿ ಇಲ್ಲಿ ಬರಲಿಲ್ಲ. "ಮಿಸ್ ಆರ್ಡೀಲಿಯಾ," ಎಂದು ಪಿಸುಗುಟ್ಟಿದಳು, "ನಾನು ಕ್ಲಿಯೋರಾ. ನಿಮ್ಮ ಮಗಳು ಅವತ್ತು ಏನೂ ಮಾಡಿರ್ಲಿಲ್ಲ. ಬರೀ ಟಾರ್ಚ್ ಹಿಡ್ಕೊಂಡಿದ್ಲು."

ಅರ್ನೆಟಾ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ಜೋರಾಗಿ ಹೇಳು," ಎಂದಳು. "ಅಮ್ಮನಿಗೆ ಕಿವಿ ಮಂದ."